ಟೂ ಪಾಯಿಂಟ್ ಏಟ್ ಎಂಬ ಹರಕೆ

ಪಾವಗಡ ತಾಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದ ಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತವನಿಗೆ ಮೊದಲು ಅಡ್ಡ ಬರುವುದು ಬೆನ್ನ ಹಿಂದಿನ ಗೋಡೆ. ಬೆಳಕಿನ ಮಾತು ಆಮೇಲಿನದು. ಕೋಣೆಯ ಮುಕ್ಕಾಲು ಪಾಲನ್ನು ಮಗ್ಗವೇ ನುಂಗಿರುತ್ತದೆ. ಮೇಲೆ ಜಕಾರ್ಡ್ ಪೆಟ್ಟಿಗೆ ಸೂರಿಗೆ ತಾಗುವ ಹಾಗಿರುತ್ತದೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ, ಅವನ ಮುಂದೆ ಬಿಗಿದ ಹಾಸು, ಪಕ್ಕದಲ್ಲಿ ರಾಟೆ ತಿರುಗಿಸುತ್ತಾ ಕೂತ ಮನೆಯಾಕೆ. ಇಷ್ಟನ್ನೂ ಒಂದೇ ಚೌಕಟ್ಟಿಗೆ ತರೋಣವೆಂದು ಹಿಂದೆ ಸರಿದರೆ ಎಂಟಡಿಗೆಲ್ಲ ಗೋಡೆ ಬೆನ್ನಿಗೆ ಬಡಿಯುತ್ತದೆ. ಹಾಗೆ ಸರಿಯುತ್ತಾ ನಾನೊಮ್ಮೆ ನೂಲಿನ ಬುಟ್ಟಿಯೊಳಗೇ ಕಾಲಿಟ್ಟಿದ್ದೆ. "ನಿಧಾನ ಸಾರ್, ಅದು ನಾಳೆ ಹೊಕ್ಕು" ಎಂದರು ಆಕೆ. ಬೈಗುಳ ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ.

ಅಂದು ನನ್ನ ಕೈಲಿದ್ದದ್ದು 28 ಮಿ.ಮೀ.ನಿಂದ ಶುರುವಾಗುವ ಹಗುರ ಜೂಮ್. ಚಿತ್ರದಲ್ಲಿ ನೇಕಾರ ಬಂದ, ಮಗ್ಗ ಬಂತು, ರಾಟೆಯ ಹೆಂಗಸು ಅರ್ಧಕ್ಕೆ ಕತ್ತರಿಸಿಹೋದರು. ಸಂಜೆ ಪಾವಗಡದ ಸ್ಟುಡಿಯೋ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಚಿತ್ರ ನೋಡಲಿಲ್ಲ, ಲೆನ್ಸಿನ ತುದಿಯಲ್ಲಿ ಬರೆದ ಅಂಕಿ ನೋಡಿದ. "ಅಣ್ಣಾ, ಟೂ ಪಾಯಿಂಟ್ ಏಟ್ ಇಲ್ಲದೆ ಒಳಗೆಲ್ಲ ಯಾಕೆ ಹೋಗ್ತೀಯ?"

ಈ ಬರಹ ಅವನ ಆ ಪ್ರಶ್ನೆಯ ಮೇಲಿನ ತಕರಾರು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಎಲ್ಲಿ ಹೋದರೂ ಮದುವೆ ಫೋಟೋಗ್ರಾಫರುಗಳ ನಡುವೆ ಒಂದು ಮಾತು ಗಟ್ಟಿಯಾಗಿ ನಿಂತಿದೆ: ವೃತ್ತಿಯವನಾದರೆ 24-70, ಎಫ್/2.8 (ಈ ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು). ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್, ಹಗುರದ್ದು, ಎಫ್/4ರದ್ದು ಎಲ್ಲ ಹವ್ಯಾಸಿಗಳಿಗೆ. ಎರಡು ಲಕ್ಷದ ಆಸುಪಾಸಿನ ಆ ಲೆನ್ಸಿಗಾಗಿ ಕಂತು ಕಟ್ಟುವವರಿದ್ದಾರೆ. ಶನಿಮಹಾತ್ಮನಿಗೆ ಹರಕೆ ಹೊತ್ತಂತೆ ವರ್ಷಗಟ್ಟಲೆ ಕೂಡಿಹಾಕುವವರೂ ಇದ್ದಾರೆ. ಹರಕೆಗೆ ಕಾರಣ ಕೇಳಬಾರದು, ನಿಜ. ಆದರೆ ಇದು ಯಂತ್ರ. ಯಂತ್ರಕ್ಕೆ ಕಾರಣ ಕೇಳಬಹುದು.

ಕಾರಣ ಒಂದು ಕಾಲದಲ್ಲಿ ಚೆನ್ನಾಗಿಯೇ ಇತ್ತು. 35 ಮಿ.ಮೀ. ಫಿಲಂ ಸ್ಟಿಲ್ ಕ್ಯಾಮೆರಾಕ್ಕೆಂದು ಬಂದ ಮೊದಲ ಜೂಮ್ 1959ರ ಫೋಕ್ಟ್‌ಲೆಂಡರ್ ಜೂಮಾರ್. 36ರಿಂದ 82 ಮಿ.ಮೀ. ಮತ್ತು ಹುಟ್ಟುವಾಗಲೇ ಎಫ್/2.8. ನಿಕಾನ್ 1987ರಲ್ಲಿ 35-70 ತಂದಾಗಲೂ, ಕ್ಯಾನನ್ 1993ರಲ್ಲಿ 28-70 ತಂದಾಗಲೂ, 2002ರಲ್ಲಿ ಅದೇ ಕಂಪನಿ ಅದನ್ನು 24-70 ಮಾಡಿದಾಗಲೂ ಈ ಅಂಕಿ ಕದಲಲಿಲ್ಲ. ಯಾಕೆಂದರೆ ಆ ಕ್ಯಾಮೆರಾಗಳಿಗೆ ಅದು ಮೂರು ಕಡೆಯಿಂದ ಬೇಕಿತ್ತು. ಫಿಲಂ 400 ಐಎಸ್‌ಒದ್ದು, ಹೆಚ್ಚೆಂದರೆ 800. ಅದರಾಚೆ ಕಾಳುಕಾಳು. ಎರಡನೆಯದು, ಕನ್ನಡಿಯ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವುದು ಲೆನ್ಸಿನಿಂದ ನೇರವಾಗಿ ಬಂದ ಬೆಳಕು. ಎಫ್/5.6ರ ಲೆನ್ಸ್ ಹಾಕಿದರೆ ಮಂಟಪದೊಳಗೆ ಮುಖವೇ ಮಂಕು. ಮೂರನೆಯದು ಸೂಕ್ಷ್ಮ. ಆ ಕ್ಯಾಮೆರಾಗಳ ಫೋಕಸ್ ಸೆನ್ಸರು ಕನ್ನಡಿಯ ಕೆಳಗೆ ಬೇರೆಯಾಗಿ ಕೂತಿರುತ್ತಿತ್ತು. ಎಷ್ಟೋ ಮಾದರಿಗಳಲ್ಲಿ ನಡುವಿನ ಬಿಂದುಗಳು ಪೂರ್ತಿ ನಿಖರವಾಗಿ ಕೆಲಸ ಮಾಡುತ್ತಿದ್ದದ್ದು ಎಫ್/2.8 ಅಥವಾ ಅದಕ್ಕಿಂತ ಅಗಲದ ಲೆನ್ಸಿಗೆ ಮಾತ್ರ.

2013ರಲ್ಲಿ ಸೋನಿಯ ಎ7, 2018ರಲ್ಲಿ ನಿಕಾನ್ ಝಡ್ ಮತ್ತು ಕ್ಯಾನನ್ ಆರ್ ಬಂದವು. ಕನ್ನಡಿ ಹೋಯಿತು, ಅದರ ಜೊತೆ ಈ ಮೂರು ಕಾರಣಗಳಲ್ಲಿ ಎರಡು ಪೂರ್ತಿ ಸತ್ತವು, ಒಂದು ಮುಪ್ಪಾಯಿತು. ಕಣ್ಣಿಗೆ ಹಿಡಿಯುವುದು ಈಗ ಪುಟ್ಟ ಪರದೆ. ಲೆನ್ಸ್ ಮಂಕಾದರೂ ಅದು ಬೆಳಗಿ ತೋರಿಸುತ್ತದೆ. ಫೋಕಸ್ ಹಿಡಿಯುವುದು ಚಿತ್ರ ಬೀಳುವ ಸೆನ್ಸರೇ. ಎಫ್/5.6ಕ್ಕೂ ಅದು ಮದುಮಗಳ ಕಣ್ಣು ಹುಡುಕುತ್ತದೆ. ಐಎಸ್‌ಒ 6400 ಎಂದರೆ ಹಿಂದೆ ಗಾಬರಿಯಾಗುತ್ತಿತ್ತು. ಈಗ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರಿನಲ್ಲಿ ತೆಗೆದು 12×36 ಅಂಗುಲದ ಕರಿಷ್ಮಾ ಆಲ್ಬಂ ಹಾಳೆಗೆ ಒತ್ತಿ ಲ್ಯಾಮಿನೇಷನ್ ಮಾಡಿಸಿದ ಮೇಲೆ, ಇದು 1600ರದ್ದು ಅದು 6400ರದ್ದು ಎಂದು ಬೆರಳಿಟ್ಟು ತೋರಿಸುವ ಬೀಗರನ್ನು ನಾನು ಕಂಡಿಲ್ಲ. ಕಾರಣಗಳು ಹೋದರೂ ಕಟ್ಟಳೆ ಉಳಿಯಿತು. ನಮ್ಮಲ್ಲಿ ಇದು ಹೊಸದೇನಲ್ಲ.

ಗೆಳೆಯ ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದ. ಬೆಳಕು ಬೆಳಕೇ ತಾನೆ? ಎಫ್/5.6ಕ್ಕಿಂತ 2.8 ನಾಲ್ಕು ಪಟ್ಟು ಬೆಳಕು ಕೊಡುತ್ತದೆ. ಆ ನಾಲ್ಕು ಪಟ್ಟನ್ನು ಶಟರಿಗೆ ಕೊಟ್ಟರೆ ಲಾಳಿ ಗಾಳಿಯಲ್ಲಿ ನಿಂತುಬಿಡುತ್ತದೆ, ಅಲ್ಲವೆ?

ಲೆಕ್ಕ ಸರಿ, ಕೋಣೆ ಬೇರೆ. ಹೊಸಕೋಟೆಯ ಮಗ್ಗದ ಮನೆಗಳಲ್ಲಿ ಈಗ ಉರಿಯುವುದು ಬಹುಪಾಲು ಎಲ್‌ಇಡಿ ಟ್ಯೂಬು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಅಗ್ಗದ ಎಲ್‌ಇಡಿ ಅದಕ್ಕೆ ತಾಳ ಹಾಕಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗದು, ಶಟರಿಗೆ ಗೊತ್ತಾಗುತ್ತದೆ. ಸೆಕೆಂಡಿನ 500ನೇ ಒಂದು ಭಾಗಕ್ಕೆ ಶಟರ್ ಏರಿಸಿ ನೋಡಿ, ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆ ಮೂಡಿ ಕೆಂಪು ಸೀರೆ ಒಂದು ಕಡೆ ಕೆಂಪು, ಒಂದು ಕಡೆ ಕಂದು. ಹೊಸ ಕ್ಯಾಮೆರಾಗಳಲ್ಲಿ ಮಿಣುಕು ತಡೆಯುವ ವ್ಯವಸ್ಥೆ ಇದೆ, ಅದು ಸ್ವಲ್ಪ ಕೈಹಿಡಿಯುತ್ತದೆ. ನೆಮ್ಮದಿಯ ದಾರಿ ಎಂದರೆ 100ನೇ ಒಂದು ಭಾಗಕ್ಕೋ 50ನೇ ಒಂದಕ್ಕೋ ಶಟರ್ ಇಳಿಸುವುದೇ. ಅಲ್ಲಿಗೆ ಇಳಿದ ಮೇಲೆ 2.8 ಕೊಟ್ಟ ನಾಲ್ಕು ಪಟ್ಟು ಬೆಳಕು ಐಎಸ್‌ಒ ಇಳಿಸುವುದಕ್ಕೆ ಬಿಟ್ಟರೆ ಇನ್ನಾವುದಕ್ಕೂ ಒದಗದು. ಲಾಳಿ ಮಸುಕಾಗುತ್ತದೆ, ನಿಜ. ಆಗಲಿ ಬಿಡಿ. ಲಾಳಿ ಓಡುವುದಕ್ಕೇ ಇರುವುದು. ಅದು ಗಾಳಿಯಲ್ಲಿ ನಿಂತ ಚಿತ್ರ ನನಗೆ ಯಾವತ್ತೂ ಮಗ್ಗ ಕೆಟ್ಟು ನಿಂತ ದಿನದ್ದು ಅನ್ನಿಸುತ್ತದೆ.

ಮದುವೆಗೆ ಬನ್ನಿ. ಇಡೀ ದಿನದಲ್ಲಿ ಅತಿ ಹೆಚ್ಚು ತೆಗೆಯುವುದು ಆರತಕ್ಷತೆಯ ಗುಂಪು ಫೋಟೋ. ಮುಂದೆ ಕೂತ ಅಜ್ಜಿ, ನಡುವೆ ದಂಪತಿ, ಹಿಂದೆ ಸೋದರಮಾವಂದಿರು, ಇನ್ನೂ ಹಿಂದೆ ಯಾರದೋ ಭುಜದ ಮೇಲೊಂದು ಮಗು. 50 ಮಿ.ಮೀ.ಗೆ ಇಟ್ಟು 10 ಅಡಿ ದೂರದಿಂದ ಎಫ್/2.8ರಲ್ಲಿ ಹೊಡೆದರೆ ಚೊಕ್ಕವಾಗಿ ಬರುವ ಆಳ ಹೆಚ್ಚೂಕಡಿಮೆ 2 ಅಡಿ. ಅಜ್ಜಿ ಚೊಕ್ಕ, ಮಾವಂದಿರು ಮಂಜು. 5.6ಕ್ಕೆ ಮುಚ್ಚಿದರೆ ಆಳ 4 ಅಡಿ. ಅನುಭವಸ್ಥ ಯಾರೂ ಇಲ್ಲಿ ತೆರೆದುಕೊಂಡು ಹೊಡೆಯುವುದಿಲ್ಲ, ಫ್ಲ್ಯಾಷ್ ಹಚ್ಚಿ 5.6ಕ್ಕೋ 8ಕ್ಕೋ ಮುಚ್ಚುತ್ತಾರೆ. ಹಾಗಾದರೆ ಮುಕ್ಕಾಲು ಕಿಲೋ, ಕೆಲವೊಮ್ಮೆ ಒಂದು ಕಿಲೋದ ಹತ್ತಿರದ ಗಾಜನ್ನು ಕುತ್ತಿಗೆಗೆ ಕಟ್ಟಿಕೊಂಡು, ಅದನ್ನು ಹಗುರ ಲೆನ್ಸ್ ಎಷ್ಟಕ್ಕೆ ತೆರೆಯುತ್ತದೋ ಅಷ್ಟಕ್ಕೇ ಮುಚ್ಚಿ ಇಡೀ ದಿನ ದುಡಿದ ಹಾಗಾಯಿತು.

ತೂಕಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ಸೋನಿಯ ಮೊದಲ 24-70 ಜಿ ಮಾಸ್ಟರ್ 886 ಗ್ರಾಂ, 2022ರ ಎರಡನೆಯದು 695. ಅಂದರೆ ಕಂಪನಿಯೇ ಸುಮಾರು ಇನ್ನೂರು ಗ್ರಾಂ ಇಳಿಸಿ ಅದನ್ನೇ ಹಿರಿಮೆ ಎಂದು ಮಾರಿತು. ಕ್ಯಾನನ್ನಿನ ಆರ್‌ಎಫ್ 24-70 ಎಫ್/2.8 900 ಗ್ರಾಂ. ಅದೇ ಕಂಪನಿ 2024ರಲ್ಲಿ ತಂದ 28-70 ಎಫ್/2.8 495 ಗ್ರಾಂ. ಸಿಗ್ಮಾದ 28-70 ಎಫ್/2.8 470. ಟ್ಯಾಮ್ರಾನಿನ 28-75ರ ಎರಡನೇ ಆವೃತ್ತಿ 540. ಎಫ್/4ಕ್ಕೆ ಇಳಿದರೆ ನಿಕಾನಿನ 24-70 500, ಸೋನಿಯ 20-70 488. ಇನ್ನೂ ಇಳಿದರೆ ನಿಕಾನಿನ 24-50 195, ಸೋನಿಯ 28-60 ಬರೀ 167 ಗ್ರಾಂ, ಒಂದು ದೊಡ್ಡ ಮೋಸಂಬಿಯಷ್ಟು.

ಈ ಪಟ್ಟಿಯಲ್ಲೊಂದು ಕಳ್ಳತನ ಅಡಗಿದೆ. ಅದನ್ನು ಹಗುರ ಲೆನ್ಸಿನ ಪರ ವಾದಿಸುವವರೂ ಹೇಳುವುದಿಲ್ಲ. ತೂಕ ಇಳಿಸುವ ಸುಲಭದ ದಾರಿ ಯಾವುದೆಂದರೆ ಅಗಲದ ತುದಿಯನ್ನು 24ರಿಂದ 28ಕ್ಕೆ ತಳ್ಳುವುದು. 2.8 ಬೇಕು, ಹಗುರವೂ ಇರಬೇಕು ಎಂದವರಿಗೆ ಕಂಪನಿಗಳು ಕೊಟ್ಟ ಉತ್ತರ ಬಹುಪಾಲು ಇದೇ. ಬರೀ ನಾಲ್ಕು ಮಿ.ಮೀ., ಎರಡು ಹೆಜ್ಜೆ ಹಿಂದೆ ಹೋಗಿ ಎನ್ನುತ್ತಾರೆ. ಎಲ್ಲಿಗೆ ಹೋಗುವುದು? ಗೋಡೆ ಇದೆಯಲ್ಲ. ಫುಲ್ ಫ್ರೇಮಿನಲ್ಲಿ ಲೆಕ್ಕ ಸುಲಭ: 36ನ್ನು ಲೆನ್ಸಿನ ಮಿ.ಮೀ.ಯಿಂದ ಭಾಗಿಸಿ, ನಿಂತ ದೂರದಿಂದ ಗುಣಿಸಿ. ಎಂಟಡಿ ದೂರದಿಂದ 24ಕ್ಕೆ ಸಿಗುವ ಅಗಲ 12 ಅಡಿ. 28ಕ್ಕೆ 10 ಅಡಿ ಮೂರು ಅಂಗುಲ. ಕಳೆದುಹೋದ ಒಂದೂಮುಕ್ಕಾಲು ಅಡಿಯಲ್ಲೇ ಅಂದು ರಾಟೆಯ ಹೆಂಗಸು ಕೂತಿದ್ದರು. ಸೀರೆಯ ಕಥೆ ಹೇಳುವ ಚಿತ್ರಗಳಲ್ಲಿ ನೂಲು ಸುತ್ತುವ ಹೆಂಗಸರು ಕಾಣೆಯಾಗುವುದಕ್ಕೆ ಬೇರೆ ದೊಡ್ಡ ಕಾರಣಗಳಿವೆ. ಲೆನ್ಸ್ ಆರಿಸುವಾಗಿನ ಈ ನಾಲ್ಕು ಮಿ.ಮೀ. ಉದಾಸೀನವೂ ಅದರಲ್ಲಿ ಒಂದು ಎಂದು ನಾನು ಬರೆದಿಟ್ಟುಕೊಂಡಿದ್ದೇನೆ.

ಮಂಟಪದಲ್ಲೂ ಇದೇ ಪಾಡು. ತಾಳಿ ಕಟ್ಟುವ ಹೊತ್ತಿಗೆ ಬಂಧುಗಳೆಲ್ಲ ಮೊಬೈಲ್ ಎತ್ತಿಕೊಂಡು ಮುತ್ತಿಗೆ ಹಾಕುತ್ತಾರೆ. ಫೋಟೋಗ್ರಾಫರ್ ಮೂರಡಿಯಷ್ಟು ಹತ್ತಿರಕ್ಕೆ ತಳ್ಳಿಸಿಕೊಂಡಿರುತ್ತಾನೆ. ಹಿಂದೆ ಸರಿಯುವ ಮಾತೇ ಇಲ್ಲ. ಆಗ ಬೇಕಾಗುವುದು ಅಗಲ. 2.8 ಅಲ್ಲಿ ಯಾರನ್ನೂ ಕಾಪಾಡದು.

ಹಾಗಾಗಿ ಲೆನ್ಸಿನ ಮೇಲೆ ನಾನು ಮೊದಲು ಓದುವುದು ಮೊದಲ ಅಂಕಿಯನ್ನು. ಇಲ್ಲೊಂದು ತಮಾಷೆ ಇದೆ. ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ಸಿಗ್ಮಾ ಮಾಡುವ 18-50 ಎಫ್/2.8 ಸುಮಾರು 290 ಗ್ರಾಂ ತೂಗುವ ಒಳ್ಳೆಯ ಲೆನ್ಸು, ಎಲ್ಲರೂ ಹೊಗಳುವಂಥದ್ದು. ಸೋನಿ, ಫ್ಯೂಜಿಫಿಲ್ಮ್ ಸೆನ್ಸರಿನ ಒಂದೂವರೆ ಪಟ್ಟಿನಿಂದ ಗುಣಿಸಿದರೆ ಅದರ ಅಗಲ 27ಕ್ಕೆ ಸಮ. ಎಲ್ಲರೂ ಬಂದ ದಿನವೇ ಬಿಚ್ಚಿ ಮೂಲೆಗೆಸೆಯುವ ಸೋನಿಯ 116 ಗ್ರಾಂನ 16-50, ನಿಕಾನಿನ 135 ಗ್ರಾಂನ 16-50, ಇವೆರಡೂ 24ಕ್ಕೆ ಸಮ. ಮಗ್ಗದ ಮನೆಯಲ್ಲಿ ಮೂಲೆಗೆಸೆದದ್ದೇ ಗೆಲ್ಲುತ್ತದೆ. ಕ್ಯಾನನ್ನಿನ 18-45 ಮಾತ್ರ ಅವರ ಸೆನ್ಸರಿನ ಲೆಕ್ಕದಲ್ಲಿ 29ರ ಹತ್ತಿರ ಹೋಗಿ ಸೋಲುತ್ತದೆ.

ಎರಡನೆಯದಾಗಿ ನೋಡುವುದು ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು. ಇದನ್ನು ಮದುವೆಯವರು ಕೇಳುವುದೇ ಇಲ್ಲ, ಹೊಸಕೋಟೆಯಲ್ಲಿ ಕೇಳಲೇಬೇಕು. ಇಲ್ಲಿ ಸೀರೆ ಮಾರುವ ಹುಡುಗರು ದಿನಾ ವಾಟ್ಸಾಪಿನಲ್ಲಿ ಕಳಿಸುವುದು ಅಂಚಿನ ಚಿತ್ರ, ಸೆರಗಿನ ಚಿತ್ರ, ಜರಿಯ ಒಂದು ಹೂವು. ಕೊಳ್ಳುವವರು ದೊಡ್ಡದು ಮಾಡಿ ಎಳೆ ಎಣಿಸುತ್ತಾರೆ. ಸೋನಿಯ 28-60 ಎಷ್ಟೇ ಹತ್ತಿರ ಹೋದರೂ ಚೌಕಟ್ಟಿನಲ್ಲಿ ತುಂಬುವುದು ಸುಮಾರು 22 ಸೆಂ.ಮೀ. ಬಟ್ಟೆ. ನಿಕಾನಿನ 24-70 ಎಫ್/4 ಆದರೆ 12 ಸೆಂ.ಮೀ., ಸೋನಿಯ 20-70 ಆದರೆ 9. ಒಂದು ಗಂಡಭೇರುಂಡವೋ ಮಾವಿನಕಾಯಿಯೋ ಪೂರ್ತಿ ತುಂಬಿ ನಿಲ್ಲುವಷ್ಟು. 167 ಗ್ರಾಂನ ಮೋಸಂಬಿ ಇಲ್ಲಿ ಹುಳಿ.

ಅದಕ್ಕೆ ಇನ್ನೊಂದು ಕೆಟ್ಟ ಚಾಳಿಯೂ ಇದೆ. ಮಡಚಿಕೊಂಡಿರುತ್ತದೆ, ತಿರುಗಿಸಿ ಹೊರಗೆಳೆದ ಮೇಲೇ ಕೆಲಸ ಮಾಡುವುದು. ಇಂಥದೇ ಒಂದು ಮಡಚುವ ಲೆನ್ಸಿನಿಂದ ನಾನು ಅಕ್ಷತೆ ಬೀಳುವ ಗಳಿಗೆಯನ್ನೇ ಕಳೆದುಕೊಂಡಿದ್ದೇನೆ. ವಾದ್ಯ ಜೋರಾಯಿತು, ಕ್ಯಾಮೆರಾ ಎತ್ತಿದೆ, ಪರದೆಯ ಮೇಲೆ ಲೆನ್ಸ್ ಬಿಚ್ಚಿ ಎಂಬ ಸೂಚನೆ. ಬಿಚ್ಚುವ ಹೊತ್ತಿಗೆ ಅಕ್ಷತೆ ನೆಲದ ಮೇಲಿತ್ತು.

2.8ರ ಪರ ಇರುವ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ, ಅದೂ ಅರ್ಧಕ್ಕೆ. ವಿಡಿಯೋ. ಕಿಟ್ ಲೆನ್ಸುಗಳಲ್ಲಿ ಜೂಮ್ ಮಾಡಿದಂತೆ ಅಪರ್ಚರ್ ತಾನೇ ಮುಚ್ಚಿಕೊಳ್ಳುತ್ತದೆ. ಮೆರವಣಿಗೆಯ ನಡುವೆ ಮದುಮಗನತ್ತ ಜೂಮ್ ಮಾಡಿದರೆ ಬೆಳಕು ಕುಸಿಯುವುದು ಕಾಣುತ್ತದೆ. ಆದರೆ ಇದಕ್ಕೆ ಬೇಕಾದದ್ದು ಕದಲದ ಅಪರ್ಚರ್, ಅದು 2.8ರದ್ದೇ ಆಗಬೇಕಿಲ್ಲ. ಕದಲದ ಎಫ್/4 ಸಾಕು. ಗಿಂಬಲ್ ಹಿಡಿದು ಊರ ತುಂಬ ಮೆರವಣಿಗೆ ಸುತ್ತಿದವನ ಮುಂಗೈ ಕೇಳಿ ನೋಡಿ, 900 ಗ್ರಾಂ ಮತ್ತು 488 ಗ್ರಾಂ ನಡುವೆ ಅದು ಯಾವುದಕ್ಕೆ ಓಟು ಹಾಕುತ್ತದೆಂದು.

ಹಗುರ ಲೆನ್ಸಿನ ಮೇಲೆ ಪಂಡಿತರ ಇನ್ನೊಂದು ದೂರು, ಅದು ಸಾಫ್ಟ್‌ವೇರಿನಿಂದ ಬದುಕುತ್ತದೆ ಎಂಬುದು. ನಿಜವೇ. ಗಾಜು ಕಡಿಮೆ ಮಾಡಿದ್ದರಿಂದ ಅಂಚಿನ ಗೆರೆ ಪೀಪಾಯಿಯ ಹೊಟ್ಟೆಯಂತೆ ಬಾಗುತ್ತದೆ, ಕ್ಯಾಮೆರಾದೊಳಗಿನ ಲೆಕ್ಕ ಅದನ್ನು ನೇರ ಮಾಡುತ್ತದೆ. ಗೆರೆ ಪರೀಕ್ಷೆಗೆ ನಮ್ಮ ತಾಲೂಕಿನಷ್ಟು ಪ್ರಶಸ್ತ ಜಾಗ ಇನ್ನೊಂದಿಲ್ಲ. ತಿರುಮಣಿ ಸುತ್ತಿನ ಸೋಲಾರ್ ಪಾರ್ಕು, 13,000 ಎಕರೆ, 2,050 ಮೆಗಾವಾಟ್, ಕಣ್ಣು ಹೋದಷ್ಟು ದೂರ ಹಲಗೆಗಳ ಸಾಲು. ಒಂದು ಕಾಲಕ್ಕೆ ಕಡಲೆಕಾಯಿ ಸಾಲು ಕಂಡ ನೆಲ. ಅಲ್ಲಿ ಹೊಡೆದ ಚಿತ್ರಗಳಲ್ಲಿ ಸರಿಪಡಿಸುವ ಮೊದಲು ಸಾಲು ಬಾಗಿದ್ದದ್ದು ನಿಜ, ಸರಿಪಡಿಸಿದ ಮೇಲೆ ನೇಗಿಲ ಗೆರೆಯಂತೆ ನೆಟ್ಟಗೆ. ಮೂಲೆಯಲ್ಲಿ ಕೊಂಚ ಮೊನಚು ಕಳೆದಿತ್ತು. ಮೂಲೆಯಲ್ಲಿ ಇದ್ದದ್ದು ಆಕಾಶ ಮತ್ತು ಜಾಲಿ. ದುಬಾರಿ ಮಿರರ್‌ಲೆಸ್ ಲೆನ್ಸುಗಳೂ ಇದೇ ಲೆಕ್ಕದ ಸಹಾಯ ಪಡೆಯುತ್ತವೆ ಎಂಬುದನ್ನು ಪಂಡಿತರು ಮೆಲ್ಲಗೆ ಹೇಳುತ್ತಾರೆ.

ಹೊರಗಿನ ಬಿಸಿಲಿಗಂತೂ ಈ ಚರ್ಚೆಯೇ ದಂಡ. ಪಾವಗಡದ ಮಧ್ಯಾಹ್ನಕ್ಕೆ ಐಎಸ್‌ಒ 100, ಎಫ್/8, 400ನೇ ಒಂದು ಸೆಕೆಂಡು. ಯಾವ ಲೆನ್ಸಾದರೂ ಅಷ್ಟೇ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗ, ಕಲ್ಲಿಗೆ ಕೊರೆದ ಮೆಟ್ಟಿಲು ಸಣ್ಣದಾಗಿ ಕಂಬಿ ಹಿಡಿಯಲು ಎರಡೂ ಕೈ ಬೇಕಾದ ಜಾಗದಲ್ಲಿ, ಎದೆಯ ಮೇಲೆ ತೂಗಾಡಿ ಬಂಡೆಗೆ ಬಡಿಯುವ ಭಾರಕ್ಕಿಂತ ಬೇರೆ ವಿಮರ್ಶೆ ಬೇಕಿಲ್ಲ. 60 ಸಾಲದು, 70 ಆದರೂ ಬೇಕು ಎನ್ನುವವರು ಮಧುಗಿರಿ ತಾಲೂಕಿನದೇ ಮೈದನಹಳ್ಳಿಯ ಕೃಷ್ಣಮೃಗಗಳ ಕಾವಲಿಗೆ ಬರಲಿ. ನೂರು ಮೀಟರ್ ದೂರದ ಜಿಂಕೆ 70 ಮಿ.ಮೀ. ಲೆನ್ಸಿನಲ್ಲಿ 24 ಮಿ.ಮೀ. ಎತ್ತರದ ಸೆನ್ಸರಿನ ಮೇಲೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, 60ರಲ್ಲಿ ತುಸು ಕಡಿಮೆ. ಎರಡರಲ್ಲೂ ಇರುವೆ. ಅದಕ್ಕೆ ಬೇಕಾದ ಲೆನ್ಸೇ ಬೇರೆ.

ಹೀಗೆಲ್ಲ ಹೇಳಿದರೂ ಗೆಳೆಯ ಒಪ್ಪುವುದಿಲ್ಲ ಎಂದು ನನಗೆ ಗೊತ್ತು, ಅವನ ನಿಜವಾದ ಕಾರಣವೂ ಗೊತ್ತು. ದೊಡ್ಡ ಲೆನ್ಸ್ ಹೊತ್ತು ಕಲ್ಯಾಣ ಮಂಟಪದ ಬಾಗಿಲಲ್ಲಿ ಇಳಿದರೆ ಹೆಣ್ಣಿನ ತಂದೆಯ ಮುಖ ಅರಳುತ್ತದೆ. ಮೋಸಂಬಿ ಗಾತ್ರದ್ದು ನೋಡಿದರೆ "ಇದಕ್ಕಾ ಇಷ್ಟು ರೇಟು?" ಎಂಬ ಅನುಮಾನ. ಕಳೆದ ವರ್ಷ ಒಂದು ಮದುವೆಯಲ್ಲಿ ನೆಂಟನೊಬ್ಬ ತನ್ನ ಮೊಬೈಲಿಗೂ ನನ್ನ ಕ್ಯಾಮೆರಾಕ್ಕೂ ಏನು ವ್ಯತ್ಯಾಸ ಎಂದು ನಾಲ್ಕು ಜನರ ಮುಂದೆ ಕೇಳಿದ. ನಾನು ದುಡ್ಡಿಗೆ ಹೋದವನಲ್ಲ, ನಕ್ಕು ಸುಮ್ಮನಾದೆ. ದುಡ್ಡಿಗೆ ಹೋದವನು ನಗಲಾರ. ಇದು ಸುಳ್ಳು ಕಾರಣವಲ್ಲ, ಹೊಟ್ಟೆಪಾಡಿನ ಕಾರಣ. ಆದರೆ ಅದನ್ನು ಬೆಳಕಿನ ಕಾರಣ ಎಂದು ಕರೆಯಬಾರದು. ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗನಿಗೆ "2.8 ಇಲ್ಲದೆ ಚಿತ್ರ ಬರಲ್ಲ" ಎಂದು ಹೇಳಿ ಸಾಲಕ್ಕೆ ತಳ್ಳುವುದು, "2.8 ಇಲ್ಲದೆ ಗಿರಾಕಿ ನಂಬಲ್ಲ" ಎಂದು ಹೇಳುವುದು, ಎರಡೂ ಒಂದೇ ಅಲ್ಲ. ಎರಡನೆಯದನ್ನು ಕೇಳಿದ ಹುಡುಗ ಕೊನೆಗೆ ಲೆನ್ಸನ್ನು ಮದುವೆಯ ದಿನಕ್ಕೆ ಬಾಡಿಗೆಗೆ ತರುವ ಜಾಣತನವನ್ನಾದರೂ ಮಾಡಿಯಾನು.

ನಾನು ಕೊನೆಗೆ ಇಟ್ಟುಕೊಂಡದ್ದು ಅಗಲದ ತುದಿ 20ಕ್ಕೆ ಇಳಿಯುವ, ಕದಲದ ಎಫ್/4ರ ಅರ್ಧ ಕಿಲೋ ಜೂಮ್. ಎಂಟಡಿಯಿಂದ ಹದಿನಾಲ್ಕು ಅಡಿಗೂ ಮಿಕ್ಕಿ ಬರುತ್ತದೆ. ಕತ್ತಲಿಗೆಂದು ಜೇಬಿನಲ್ಲೊಂದು ಎಫ್/1.8ರ ಪುಟ್ಟ ಲೆನ್ಸು, ಅದರ ಮುಂದೆ 2.8 ಅರ್ಧ ಬೆಳಕೂ ಅಲ್ಲ. ಸಣ್ಣ ಸೆನ್ಸರಿನ ಕ್ಯಾಮೆರಾ ಇರುವವರು ಮೂಲೆಗೆಸೆದ 16-50ನ್ನು ಹುಡುಕಿ ಒರೆಸಿ ತಂದರೆ ಇದರ ಬಹುಪಾಲು ಕೆಲಸ ಕಾಸಿಲ್ಲದೆ ಆಗುತ್ತದೆ.

ಗೆಳೆಯನನ್ನೂ ಕರೆದುಕೊಂಡು ಅದೇ ಮಗ್ಗದ ಮನೆಗೆ ಮತ್ತೆ ಹೋದೆ. ರಾಟೆಯವರು ಈ ಸಲ ಪೂರ್ತಿ ಬಂದರು, ಅವರ ಹಿಂದಿನ ಕಿಟಕಿ, ಕಿಟಕಿಯ ಮೇಲೆ ಒಣಗಲು ಹಾಕಿದ್ದ ಟವೆಲ್ಲೂ ಬಂತು. ಟವೆಲ್ ತೆಗೆಯಬಹುದಿತ್ತು ಎಂದು ಅವರಿಗೆ ಬೇಸರ. ಗೆಳೆಯನ ಹಳೆಯ 24-70ನ್ನು ನೇಕಾರ ಕೈಯಲ್ಲಿ ಹಿಡಿದು ನೋಡಿದರು. ಏನನ್ನಿಸಿತೋ, ಎದ್ದು ರೇಷ್ಮೆ ತೂಗುವ ತಕ್ಕಡಿಯಲ್ಲಿ ಅದನ್ನಿಟ್ಟರು. ಮುಳ್ಳು ನಿಂತ ಮೇಲೆ ಹೆಂಡತಿಯ ಕಡೆ ತಿರುಗಿ, "ಇಷ್ಟರಲ್ಲಿ ಒಂದು ಸೀರೆ ಆಗಿ ರವಿಕೆಗೂ ಮಿಗ್ತಿತ್ತು ನೋಡು" ಎಂದರು.